ಆರ್ಟ್ ಮ್ಯೂಸಿಯಂಗೆ ಚಾವಣಿಯ ಬೆಳಕು: ನಮ್ಮ ಅಕ್ಷಾಂಶಕ್ಕೆ ಹೊಂದುವ ವಿನ್ಯಾಸ

ಆಧುನಿಕ ಕಲಾ ಸಂಗ್ರಹಾಲಯದ ನಕ್ಷೆಗೆ ಕೂತವರು ಸಾಮಾನ್ಯವಾಗಿ ಕಟ್ಟಡ ಹೊರಗಿನಿಂದ ಹೇಗೆ ಕಾಣಬೇಕು ಎನ್ನುವುದರಿಂದ ಶುರು ಮಾಡುತ್ತಾರೆ. ಶುರುವಾಗಬೇಕಾದದ್ದು ಒಂದೇ ಒಂದು ಗೋಡೆಯಿಂದ, ಅದರ ಮೇಲೆ ಚಿತ್ರ ತೂಗುವ ಎತ್ತರದಲ್ಲಿ ಎಷ್ಟು ಬೆಳಕು ಬೀಳಬೇಕು ಎಂಬ ಲೆಕ್ಕದಿಂದ. ಚಾವಣಿ, ಮಹಡಿಗಳ ಜೋಡಣೆ, ದಾಸ್ತಾನು ಕೋಣೆಯ ಅಳತೆ ಎಲ್ಲವೂ ಆ ಲೆಕ್ಕದಿಂದಲೇ ಹುಟ್ಟುತ್ತವೆ.

ಮೊದಲು ಲಕ್ಸ್ ಲೆಕ್ಕ

ಸಂಗ್ರಹದಲ್ಲಿ ಏನೇನಿದೆ ಎಂಬ ಪಟ್ಟಿ ಕೈಗೆ ಬರುವವರೆಗೆ ನಕ್ಷೆ ಬರೆಯಬೇಡಿ. ಅಂತರರಾಷ್ಟ್ರೀಯ ಬೆಳಕಿನ ಆಯೋಗ (ಸಿಐಇ) 2004ರಲ್ಲಿ ಕೊಟ್ಟ ಮಿತಿಗಳ ಪ್ರಕಾರ ತೈಲವರ್ಣಕ್ಕೆ 200 ಲಕ್ಸ್ (ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ), ವರ್ಷಕ್ಕೆ ಒಟ್ಟು 6,00,000 ಲಕ್ಸ್-ಗಂಟೆ (ಲಕ್ಸ್ ಅನ್ನು ಬೆಳಕು ಬಿದ್ದ ಗಂಟೆಗಳಿಂದ ಗುಣಿಸಿದ್ದು). ಜಲವರ್ಣಕ್ಕೆ 50 ಲಕ್ಸ್, 1,50,000 ಲಕ್ಸ್-ಗಂಟೆ. ರೇಷ್ಮೆ, ಬೇಗ ಮಾಸುವ ಬಣ್ಣಗಳು, ಸುದ್ದಿಪತ್ರಿಕೆಯ ಕಾಗದಕ್ಕೆ ಅದೇ 50 ಲಕ್ಸ್, ಆದರೆ ವರ್ಷಕ್ಕೆ 15,000 ಲಕ್ಸ್-ಗಂಟೆ ಮಾತ್ರ.

ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ತೆರೆದಿದ್ದರೆ 2,400 ಗಂಟೆ. ತೈಲವರ್ಣಕ್ಕೆ 4,80,000, ಜಲವರ್ಣಕ್ಕೆ 1,20,000. ಎರಡೂ ಮಿತಿಯೊಳಗೇ ಇವೆ. ಮೂರನೆಯ ಗುಂಪಿಗೆ ಸಿಗುವುದು 300 ಗಂಟೆ, ಅಂದರೆ 37 ದಿನ. ಅಂಥ ಕೃತಿಗಳ ಗೋಡೆ ವರ್ಷವಿಡೀ ತುಂಬಿರಬೇಕಾದರೆ ಎಂಟು ಸೆಟ್ ಬೇಕು. ಒಂದು ಗೋಡೆಯ ಮೇಲಿದ್ದರೆ ಏಳು ದಾಸ್ತಾನಿನಲ್ಲಿ. ದಾಸ್ತಾನು ಕೋಣೆಯನ್ನು ಉಳಿದ ಜಾಗಕ್ಕೆ ತುರುಕಬಾರದು ಎನ್ನುವುದು ಇದಕ್ಕೇ. ಅಮೆರಿಕದ ಹ್ಯೂಸ್ಟನ್ನಿನ ಮೆನಿಲ್ ಕಲೆಕ್ಷನ್ ಮ್ಯೂಸಿಯಂನಲ್ಲಿ (1987) ವಾಸ್ತುಶಿಲ್ಪಿ ರೆಂಜೊ ಪಿಯಾನೊ ದಾಸ್ತಾನನ್ನು ಮೇಲಿನ ಮಹಡಿಗೆ ಕೊಟ್ಟರು. ನಮ್ಮಲ್ಲಿ ತಾರಸಿಯ ಕೆಳಗಿನ ಮಹಡಿ ಬಿಸಿಲಿಗೆ ಕಾಯುತ್ತದೆ, ಸೋರುವ ಭಯವೂ ಇದೆ. ನೆಲಮಾಳಿಗೆಗೆ ಮಳೆನೀರು ನುಗ್ಗುತ್ತದೆ. ನಡುವಿನ ಮಹಡಿಯಲ್ಲಿ, ಸರಕಿನ ಲಿಫ್ಟಿನ ಪಕ್ಕದಲ್ಲಿ ಇಡುವುದೇ ಸರಿ. ಅದರ ಮೇಲೆ ಶೌಚಾಲಯವಾಗಲಿ, ಎಸಿಯ ನೀರಿನ ಪೈಪಾಗಲಿ ಬರಬಾರದು.

ಇನ್ನೊಂದು ಲೆಕ್ಕವನ್ನು ಬಹಳ ಜನ ಬಿಡುತ್ತಾರೆ. ಸೂರ್ಯ ವರ್ಷಕ್ಕೆ ಸುಮಾರು 4,380 ಗಂಟೆ ಮೇಲಿರುತ್ತಾನೆ, ಮ್ಯೂಸಿಯಂ ತೆರೆದಿರುವುದು 2,400. ರಜಾದಿನವೂ, ಬಾಗಿಲು ತೆಗೆಯುವ ಮುಂಚೆಯೂ ಚಾವಣಿಯಿಂದ ಬೆಳಕು ಸುರಿಯುತ್ತಿದ್ದರೆ ಯಾರೂ ನೋಡದ ಹೊತ್ತಿನಲ್ಲಿ ಬಣ್ಣ ಮಾಸುತ್ತದೆ. ಪ್ರತಿ ಸ್ಕೈಲೈಟಿಗೂ (ಚಾವಣಿಯ ಬೆಳಕಿಂಡಿ) ಟೈಮರ್ ಇರುವ, ಪೂರ್ತಿ ಕತ್ತಲಾಗಿಸುವ ಬ್ಲೈಂಡ್ ಬೇಕೇಬೇಕು. ಅದರ ಮೋಟಾರು ರಿಪೇರಿಗೆ ಗ್ಯಾಲರಿಯೊಳಗೆ ಏಣಿ ಇಡದೆ, ತಾರಸಿಯಿಂದಲೇ ಕೈಗೆ ಸಿಗುವಂತಿರಲಿ.

ಉತ್ತರದ ಗಾಜು ಇಲ್ಲಿ ಸಾಲದು

ಯುರೋಪಿನ ಪುಸ್ತಕಗಳಲ್ಲಿ ಒಂದು ಸುಲಭ ಉಪಾಯವಿದೆ: ಗರಗಸದ ಹಲ್ಲಿನಂಥ ಚಾವಣಿ, ಉತ್ತರಕ್ಕೆ ನೇರ ಗಾಜು, ಒಳಗೆ ಸಮನಾದ ತಂಪು ಬೆಳಕು. ಬೆಂಗಳೂರು 13 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ 25ರ ಸುಮಾರಿನಿಂದ ಆಗಸ್ಟ್ 18ರ ಸುಮಾರಿನವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಜೂನ್ 21ರಂದು ಹತ್ತೂವರೆ ಡಿಗ್ರಿಯಷ್ಟು. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ವಾಲಿಯೇ. ಜೂನ್‌ನಲ್ಲಿ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ. ಆ ನಕ್ಷೆಯನ್ನು ಹಾಗೇ ಇಲ್ಲಿ ಕಟ್ಟಿದರೆ ಮೇ, ಜೂನ್‌ನಲ್ಲಿ ಬಿಸಿಲಿನ ಪಟ್ಟಿ ನೇರ ಗೋಡೆಯ ಮೇಲೆ ಬೀಳುತ್ತದೆ.

ಪರಿಹಾರ ಕಷ್ಟದ್ದಲ್ಲ. ಗಾಜಿನ ಮೇಲಂಚಿನಿಂದಲೇ ಹೊರಟ ಸಜ್ಜ, ಗಾಜಿನ ಎತ್ತರದ ಕಾಲು ಭಾಗದಷ್ಟು ಆಳ. ಜೊತೆಗೆ ಗಾಜಿಗೆ ಲಂಬವಾಗಿ ಹೊರಚಾಚಿ ನಿಲ್ಲುವ ಫಿನ್‌ಗಳು (ಕಿರಿದಾದ ನೆಟ್ಟನೆಯ ಹಲಗೆಗಳು), ಎರಡರ ನಡುವಿನ ಅಂತರದ ಅರ್ಧದಷ್ಟು ಆಳ. 1.2 ಮೀಟರ್ ಎತ್ತರದ ಗಾಜಿಗೆ 300 ಮಿ.ಮೀ. ಸಜ್ಜ, 600 ಮಿ.ಮೀ.ಗೊಂದು ಫಿನ್ ಆದರೆ ಅದರ ಆಳವೂ 300. ನಡುಹಗಲಿನ ಎತ್ತರದ ಸೂರ್ಯನನ್ನು ಸಜ್ಜ ತಡೆಯುತ್ತದೆ, ಬೆಳಗು ಸಂಜೆಯ ಓರೆ ಬಿಸಿಲನ್ನು ಫಿನ್ ತಡೆಯುತ್ತದೆ. ಒಂದನ್ನು ಬಿಟ್ಟರೆ ಇನ್ನೊಂದು ವ್ಯರ್ಥ. ಗಾಜು ಉತ್ತರದಿಂದ ಹತ್ತು ಡಿಗ್ರಿ ತಿರುಗಿದರೂ ಈ ಅಳತೆ ನಡೆಯುವುದಿಲ್ಲ, ಹೊಸದಾಗಿ ಲೆಕ್ಕ ಹಾಕಬೇಕು.

ಗಾಜಿನಿಂದ ಬಂದ ಬೆಳಕು ಚಿತ್ರ ಮುಟ್ಟುವ ಮುಂಚೆ ಎರಡು ಮೇಲ್ಮೈಗಳಿಗೆ ತಾಗಿ ಬರಲಿ. ಅಮೆರಿಕದ ಫೋರ್ಟ್ ವರ್ತ್‌ನ ಕಿಂಬೆಲ್ ಮ್ಯೂಸಿಯಂನಲ್ಲಿ (1972) ವಾಸ್ತುಶಿಲ್ಪಿ ಲೂಯಿ ಕಾನ್ ಮಾಡಿದ್ದು ಇದನ್ನೇ: ಕಮಾನಿನ ನೆತ್ತಿಯಲ್ಲಿ ಉದ್ದಕ್ಕೆ ಸೀಳು, ಅದರ ಕೆಳಗೆ ಸಣ್ಣ ತೂತುಗಳ ಅಲ್ಯೂಮಿನಿಯಂ ಪ್ರತಿಫಲಕ. ಬಿಸಿಲು ಅದಕ್ಕೆ ತಾಗಿ ಮೇಲಕ್ಕೆ ಚಿಮ್ಮಿ, ಕಾಂಕ್ರೀಟ್ ಕಮಾನಿನ ಒಳಮೈ ಸವರಿ ಗೋಡೆಗೆ ಇಳಿಯುತ್ತದೆ. ಇದರಲ್ಲಿ ಇನ್ನೊಂದು ಲಾಭ ನಮಗಿದೆ: ಟೈಟಾನಿಯಂ ಡೈಆಕ್ಸೈಡ್ ಇರುವ ಸಾಧಾರಣ ಬಿಳಿ ಬಣ್ಣ, ಚಿತ್ರವನ್ನು ಮಾಸಿಸುವ ಅತಿನೇರಳೆ ಕಿರಣಗಳನ್ನು ಹೀರುತ್ತದೆ. ಗಾಜು ಮಾತ್ರ ಲ್ಯಾಮಿನೇಟೆಡ್ ಆಗಿರಲಿ, ಅಂದರೆ ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇರುವಂಥದ್ದು. ಅತಿನೇರಳೆಯ ಬಹುಪಾಲು ಅಲ್ಲೇ ನಿಲ್ಲುತ್ತದೆ, ಒಡೆದರೂ ಚೂರು ಕೆಳಗೆ ಉದುರುವುದಿಲ್ಲ. ಪಾಲಿಕಾರ್ಬೊನೇಟ್ ಹಾಳೆ ಅಗ್ಗವೆಂದು ಒಪ್ಪಬೇಡಿ. ಅದು ಬಿಸಿಲಿಗೆ ಹಳದಿಯಾದಂತೆ ಚಿತ್ರಗಳ ಬಣ್ಣವೂ ತಪ್ಪಾಗಿ ಕಾಣುತ್ತದೆ.

ಮಾದರಿ ಮಾಡಿ ಅಳೆಯಿರಿ

ಕಂಪ್ಯೂಟರ್ ಚಿತ್ರವನ್ನಷ್ಟೇ ನಂಬಿ ಕಾಂಕ್ರೀಟ್ ಸುರಿಯಬೇಡಿ. ಬೆಳಕಿನ ಅನುಕೂಲವೇನೆಂದರೆ ಮಾದರಿ ಚಿಕ್ಕದಾದರೂ ಬೆಳಕು ದೊಡ್ಡ ಕೋಣೆಯಲ್ಲಿ ನಡೆದುಕೊಂಡಂತೆಯೇ ನಡೆದುಕೊಳ್ಳುತ್ತದೆ. ಒಂದು ಗ್ಯಾಲರಿಯನ್ನು 1:10 ಅಳತೆಯಲ್ಲಿ ಮಾಡಿ, ಗೋಡೆಗೂ ನೆಲಕ್ಕೂ ನಿಜವಾಗಿ ಬಳಸುವ ಬಣ್ಣವನ್ನೇ ಹಚ್ಚಿ. ಫೋಮ್ ಬೋರ್ಡ್ ಮೂಲಕ ಬೆಳಕು ಸೋರುತ್ತದೆ. ಹೊರಗಿನಿಂದ ಕಪ್ಪು ಕಾಗದ ಅಂಟಿಸಿ, ಮೂಲೆಗಳಿಗೆ ಕಪ್ಪು ಟೇಪ್ ಸುತ್ತಿ. ಲಕ್ಸ್ ಮೀಟರಿನ ಸೆನ್ಸರ್ ಗೋಡೆಗೆ ಅಂಟಿಕೊಂಡು, ಮಾದರಿಯ ನೆಲದಿಂದ 150 ಮಿ.ಮೀ. ಎತ್ತರದಲ್ಲಿರಲಿ, ಅದು 1.5 ಮೀಟರಿಗೆ, ಚಿತ್ರದ ನಡುಮಧ್ಯಕ್ಕೆ ಸಮ. 13 ಡಿಗ್ರಿಗೆ ಬರೆದ ನೆರಳುಗಡಿಯಾರದ ಕಾರ್ಡನ್ನು ಮಾದರಿಗೆ ಅಂಟಿಸಿದರೆ ಡಿಸೆಂಬರ್‌ನಲ್ಲೂ ಕಾರ್ಡಿನ ನೆರಳು ಜೂನ್ 21ರ ಗೆರೆಗೆ ಬರುವಂತೆ ಮಾದರಿಯನ್ನು ವಾಲಿಸಿ ಆ ದಿನದ ಬಿಸಿಲನ್ನು ಪರೀಕ್ಷಿಸಬಹುದು. ನಿಚ್ಚಳ ಬಿಸಿಲಿನಲ್ಲಿ, ಬಿಳಿ ಮೋಡದಲ್ಲಿ, ದಟ್ಟ ಮೋಡದಲ್ಲಿ ಓದಿಕೊಳ್ಳಿ. ಅತಿ ಹೆಚ್ಚಿನ ಅಂಕಿ ಗಾಜಿನ ಅಳತೆಯನ್ನು ತೀರ್ಮಾನಿಸಲಿ, ಅತಿ ಕಡಿಮೆಯದು ಎಲ್‌ಇಡಿ ದೀಪಗಳ ಸಂಖ್ಯೆಯನ್ನು.

ಎಲ್ಲ ಕೋಣೆಗೂ ಮೇಲಿನ ಬೆಳಕೇ ಬೇಕೆಂದಿಲ್ಲ. ಕರ್ನಾಟಕದ ಕಲಾವಿದ ಕೆ. ವೆಂಕಟಪ್ಪನವರ ಜಲವರ್ಣಕ್ಕೆ 50 ಲಕ್ಸ್ ಮೀರದ, ಪೂರ್ತಿ ದೀಪದ ಕೋಣೆ ಸರಿ. ಅವರದೇ ಪ್ಲಾಸ್ಟರ್ ಉಬ್ಬುಶಿಲ್ಪಗಳಿಗೆ ಪಕ್ಕದಿಂದ ಸವರಿಕೊಂಡು ಹೋಗುವ ಬೆಳಕಿಲ್ಲದಿದ್ದರೆ ಉಬ್ಬು ತಗ್ಗು ಒಂದಾಗಿ ಚಪ್ಪಟೆ ಕಾಣುತ್ತವೆ. ಒಬ್ಬರದೇ ಕೆಲಸವಾದರೂ ಕೋಣೆ ಎರಡು.

ಮಳೆ ಮತ್ತು ಮೊಳೆ

ಸ್ಕೈಲೈಟಿನ ಸುತ್ತ ತಾರಸಿಯ ಮುಗಿದ ಮಟ್ಟದಿಂದ ಕನಿಷ್ಠ 300 ಮಿ.ಮೀ. ಕಟ್ಟೆ ಎಬ್ಬಿಸಿ. ಗರಗಸದ ಚಾವಣಿಯ ಎರಡು ಹಲ್ಲುಗಳ ನಡುವಿನ ನೀರಿನ ದೋಣಿಗೆ ಎರಡು ಇಳಿಪೈಪು, ಮೇಲೊಂದು ತುಂಬಿ ಹರಿಯುವ ಬಾಯಿ. ಒಂದೇ ಪೈಪಿದ್ದರೆ ಮೊದಲ ಮಳೆಗೆ ಎಲೆ ಕಟ್ಟಿ ನೀರು ಒಳಕ್ಕೆ ತಿರುಗುತ್ತದೆ. ಇಳಿಪೈಪು ಚಿತ್ರ ತೂಗುವ ಗೋಡೆಯೊಳಗೆ ಹೋಗಬಾರದು. ಗಾಜು ಕೂರಿಸುವ ಮೊದಲು ದೋಣಿಯಲ್ಲಿ 48 ಗಂಟೆ ನೀರು ನಿಲ್ಲಿಸಿ ನೋಡಿ.

ಗೋಡೆಗೆ 12.5 ಮಿ.ಮೀ. ಜಿಪ್ಸಂ ಬೋರ್ಡ್ ಒಂದೇ ಹಾಕಿದರೆ ಭಾರದ ಚಿತ್ರದ ಮೊಳೆ ಕಿತ್ತು ಬರುತ್ತದೆ. ಹಿಂದೆ 18 ಮಿ.ಮೀ. ಪ್ಲೈವುಡ್ ಕೊಡಿ, ನೆಲದಿಂದ ಚಾವಣಿವರೆಗೂ.