ಕಡಮತ್: ಲಕ್ಷದ್ವೀಪದಲ್ಲಿ ಒಂದೇ ದ್ವೀಪ ಸಾಕು ಅನ್ನಿಸಿದ್ದು

ಲಕ್ಷದ್ವೀಪಕ್ಕೆ ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು, "ಎಷ್ಟು ದ್ವೀಪ ನೋಡಬಹುದು?" ಅಂತ. ಒಂದೇ ನೋಡಿ, ಚೆನ್ನಾಗಿ ನೋಡಿ ಅನ್ನುತ್ತೇನೆ. ಒಟ್ಟು 36 ದ್ವೀಪಗಳಿವೆ, ಜನ ಇರುವುದು 10ರಲ್ಲಿ. ಎಲ್ಲ ಸೇರಿದರೂ ನೆಲ 32 ಚದರ ಕಿ.ಮೀ. ಅಷ್ಟೇ. ಒಂದರಿಂದ ಇನ್ನೊಂದಕ್ಕೆ ಹೋಗುತ್ತೇವೆ ಅಂತ ಹಡಗು ಕಾಯುತ್ತಾ ಕೂತರೆ ರಜೆ ಅದರಲ್ಲೇ ಮುಗಿಯುತ್ತದೆ. ನಾನು ಕಡಮತ್ ಆರಿಸಿಕೊಂಡೆ. ಅಲ್ಲೇ ಉಳಿದೆ.

ಕಡಮತ್ ಯಾಕೆ ಅಂದರೆ, ನಾನು ಮಂಗಳೂರಿನವನು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಐದಕ್ಕೆ ಅಮಿನ್‌ದಿವಿ ದ್ವೀಪಗಳು ಅಂತ ಹೆಸರು. 1787ರಲ್ಲಿ ಇವು ಟಿಪ್ಪು ಸುಲ್ತಾನನ ಕೈಗೆ ಬಂದವು. 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಹೋದವು, ಆಮೇಲೆ ಆಡಳಿತ ಮಂಗಳೂರಿನಿಂದಲೇ ನಡೆಯಿತು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ಆಗುವವರೆಗೂ ಇವು ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ದ್ವೀಪದವರು ತೆಂಗಿನ ನಾರು ಕೊಟ್ಟು ಅಕ್ಕಿ ಒಯ್ಯುತ್ತಿದ್ದುದು ನಮ್ಮ ಬಂದರಿನಿಂದ. ಈಗಲೂ ಹಳೆ ಬಂದರಿನ ಧಕ್ಕೆಗೆ ಹೋದರೆ ಮಂಜಿ ಅನ್ನುವ ಮರದ ಸರಕು ಹಡಗುಗಳಿಗೆ ಸಿಮೆಂಟ್, ಜಲ್ಲಿ, ತರಕಾರಿ ತುಂಬುವುದು ಕಾಣುತ್ತದೆ. ಅದೆಲ್ಲ ಹೋಗುವುದು ಅಲ್ಲಿಗೇ. ಅಷ್ಟು ಹತ್ತಿರದ ನಂಟು ಇಟ್ಟುಕೊಂಡು ನೋಡದೆ ಇರುವುದು ಸರಿಯಲ್ಲ ಅನ್ನಿಸಿತ್ತು.

ಹೋಗಲು ಮೊದಲು ಬೇಕಾದದ್ದು ಪರ್ಮಿಟ್. ನಮ್ಮದೇ ದೇಶ, ಆದರೂ ಸುಮ್ನೆ ಹೋಗಿ ಇಳಿಯಲು ಆಗುವುದಿಲ್ಲ. ಅಲ್ಲಿಯ ಜನ ಬಹುತೇಕ ಎಲ್ಲರೂ ಪರಿಶಿಷ್ಟ ಪಂಗಡದವರು, ನೆಲ ಚಿಕ್ಕದು, ಅದಕ್ಕೇ ಈ ಕಟ್ಟುಪಾಡು. ನನಗೆ ಇದು ಸರಿ ಅನ್ನಿಸುತ್ತದೆ. ದಾರಿ ಎರಡು. ಒಂದು, ಅಲ್ಲಿನ ಸರ್ಕಾರದ ಪ್ರವಾಸ ಸಂಸ್ಥೆ 'ಸ್ಪೋರ್ಟ್ಸ್' ನಡೆಸುವ ಪ್ಯಾಕೇಜ್. ಇನ್ನೊಂದು, ದ್ವೀಪದ ಒಬ್ಬರು "ಇವರು ನಮ್ಮ ಅತಿಥಿ" ಅಂತ ಬರೆದುಕೊಟ್ಟು ಕರೆಸಿಕೊಳ್ಳುವುದು. ನಾನು ಎರಡನೆಯ ದಾರಿಯಲ್ಲಿ ಹೋದೆ. ಬಂದರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ಪರಿಚಯದವರ ಮೂಲಕ ಕಡಮತ್‌ನ ಒಂದು ಮನೆಯವರು ಒಪ್ಪಿದರು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು, ಅದಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದೆ. ಠಾಣೆಯಿಂದ ಬರಲು ಸಮಯ ಹಿಡಿಯುತ್ತದೆ, ಹಾಗಾಗಿ ಮೊದಲು ಆ ಕೆಲಸ ಶುರು ಮಾಡಿ. ಪರ್ಮಿಟ್‌ನಲ್ಲಿ ಯಾವ ದ್ವೀಪ ಅಂತ ಬರೆದಿರುತ್ತಾರೆ. ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ಲಕ್ಷದ್ವೀಪ ಆಡಳಿತದ ವೆಬ್‌ಸೈಟ್ ನೋಡಿಕೊಳ್ಳಿ.

ಲಕ್ಷದ್ವೀಪದ ಅಗತ್ತಿ ದ್ವೀಪಕ್ಕೆ ವಿಮಾನ ಇದೆ. ಆದರೆ ಹಡಗಿನಲ್ಲೇ ಹೋಗಿ ಅಂತ ನನ್ನ ಒತ್ತಾಯ. ಮಂಗಳೂರಿನಿಂದ ಪ್ರಯಾಣಿಕರ ಹಡಗು ಕೆಲವೊಮ್ಮೆ ಇರುತ್ತದೆ, ಅದನ್ನೇ ನಂಬಿ ಕೂರುವ ಹಾಗಿಲ್ಲ. ನಾನು ಕೊಚ್ಚಿಗೆ ರೈಲಿನಲ್ಲಿ ಹೋಗಿ ವಿಲ್ಲಿಂಗ್ಡನ್ ಐಲ್ಯಾಂಡ್‌ನಿಂದ ಹತ್ತಿದೆ. ದ್ವೀಪ ಯಾವುದು, ಹಡಗು ಯಾವುದು ಅನ್ನುವುದರ ಮೇಲೆ 14ರಿಂದ 20 ಗಂಟೆ ಪ್ರಯಾಣ. ಬಂಕ್ ಕ್ಲಾಸ್ ಅಗ್ಗ. ದೊಡ್ಡ ಹಾಲ್‌ನಲ್ಲಿ ಸಾಲಾಗಿ ಮಲಗುವ ಜಾಗ. ಕೊಚ್ಚಿಗೆ ಔಷಧಕ್ಕೆ ಬಂದವರು, ಕಾಲೇಜಿನ ಮಕ್ಕಳು, ಫ್ಯಾನು, ಮಿಕ್ಸಿ, ಹೊಸ ಸೈಕಲ್ ಹಿಡಿದುಕೊಂಡವರು ಎಲ್ಲ ಅಲ್ಲೇ. ದ್ವೀಪದ ಜೀವನಕ್ಕೆ ಏನೇನು ಬೇಕು, ಅದರಲ್ಲಿ ಎಷ್ಟು ಹೊರಗಿಂದ ಬರಬೇಕು ಅನ್ನುವುದು ಆ ಹಾಲ್‌ನಲ್ಲೇ ಗೊತ್ತಾಗಿಬಿಡುತ್ತದೆ.

ಇಳಿಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದು ತಿಳಿದಿರಬೇಕು. ನಮ್ಮ ಹಡಗು ದಡದವರೆಗೆ ಹೋಗಲಿಲ್ಲ. ಸುತ್ತ ಹವಳದ ದಂಡೆ, ಅಂದರೆ ನೀರಡಿಯಲ್ಲಿ ಹವಳ ಬೆಳೆದು ಆದ ದಿಬ್ಬ, ಅದರ ಹೊರಗೆ ಆಳದಲ್ಲಿ ನಿಂತಿತು. ಹಡಗಿನ ಪಕ್ಕದಲ್ಲಿ, ನೀರಿಗೆ ಹತ್ತಿರವಾಗಿ, ಒಂದು ಕಬ್ಬಿಣದ ಬಾಗಿಲು ತೆರೆದರು. ಕೆಳಗೆ ದೋಣಿ ಬಂದು ಅಂಟಿಕೊಂಡಿತು. ಅದು ಅಲೆಯ ಜೊತೆ ಆಳುದ್ದ ಏರುತ್ತದೆ, ಆಳುದ್ದ ಇಳಿಯುತ್ತದೆ. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು ನಿಂತು ನಮ್ಮ ತೋಳು ಹಿಡಿದಿರುತ್ತಾರೆ. ದೋಣಿ ಮೇಲೆ ಬಂದ ಕ್ಷಣ "ಈಗ!" ಅನ್ನುತ್ತಾರೆ, ಆಗ ಕಾಲಿಡಬೇಕು. ಹಿಂದೆ ಮುಂದೆ ನೋಡಬಾರದು. ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗಿರಲಿ. ನನ್ನ ಮುಂದೆ ಒಬ್ಬ ಅಜ್ಜಿಯನ್ನು ಅವರು ಎತ್ತಿ ಇಳಿಸಿದ ರೀತಿ ನೋಡಿ ಧೈರ್ಯ ಬಂತು.

ಕಡಮತ್ ಸುಮಾರು 9 ಕಿ.ಮೀ. ಉದ್ದ. ಅಗಲ ಎಲ್ಲಿ ನೋಡಿದರೂ 600 ಮೀಟರ್ ದಾಟುವುದಿಲ್ಲ. ಮಧ್ಯದ ರಸ್ತೆಯಲ್ಲಿ ನಿಂತರೆ ಎರಡೂ ಕಡೆಯ ಕಡಲು ಕೇಳುತ್ತದೆ. ಪಶ್ಚಿಮಕ್ಕೆ ಅಗಲವಾದ ಲಗೂನ್, ಅಂದರೆ ದಡಕ್ಕೂ ಹವಳದ ದಂಡೆಗೂ ನಡುವಿನ ತಿಳಿನೀರು. ನಾನು ಮನೆಯವರ ಸೈಕಲ್ ತೆಗೆದುಕೊಂಡು ದಿನಾ ಬೆಳಿಗ್ಗೆ ದಕ್ಷಿಣದ ತುದಿಯವರೆಗೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ತೆಂಗು, ಮನೆ, ಮಸೀದಿ, ಮತ್ತೆ ತೆಂಗು. ಲಕ್ಷದ್ವೀಪದಲ್ಲಿ ನಾಯಿಗಳಿಲ್ಲ. ರಾತ್ರಿ ಬೊಗಳುವ ಸದ್ದೇ ಇಲ್ಲದ ಊರು ಹೇಗಿರುತ್ತದೆ ಅನ್ನುವುದು ಅಲ್ಲಿ ಮಲಗಿದಾಗಲೇ ಗೊತ್ತಾಗುವುದು. ಹೊರಗೆ ದೂರದಲ್ಲಿ ದಂಡೆಗೆ ಅಲೆ ಹೊಡೆಯುವ ಸದ್ದು ಮಾತ್ರ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮನೆಯ ಬಾವಿ. ಆಳವಿಲ್ಲದ ಬಾವಿ, ಬಗ್ಗಿದರೆ ನೀರು ಕಾಣುತ್ತದೆ. ಕಡಲಿನ ಉಬ್ಬರಕ್ಕೆ ಆ ನೀರೂ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಮಳೆ ನೀರು ಹವಳದ ಮರಳಿನೊಳಗೆ ಇಳಿದು ಅಡಿಯ ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲುತ್ತಾ ನಿಂತಿರುತ್ತದೆ. ಸಿಹಿ ನೀರು ಹಗುರ, ಅದಕ್ಕೇ ಮೇಲೆ. ಪಂಪ್ ಹಾಕಿ ಜಾಸ್ತಿ ಎಳೆದರೆ ಅಡಿಯಿಂದ ಉಪ್ಪು ಮೇಲೆ ಬರುತ್ತದೆ, ಆಮೇಲೆ ಆ ಬಾವಿ ಕೆಟ್ಟಿತು ಅಂತಲೇ ಲೆಕ್ಕ. ಮನೆಯ ಹಿರಿಯರನ್ನು ನಾನು ಕಾಕ ಅಂತ ಕರೆಯುತ್ತಿದ್ದೆ. ಮೊದಲ ದಿನವೇ ಕೇಳಿದೆ, "ಕಾಕ, ಸ್ನಾನಕ್ಕೆ ಎಷ್ಟು ನೀರು ತಗೋಬಹುದು?" ಅಂತ. ಅವರು ನಕ್ಕರು. "ಇಲ್ಲಿಗೆ ಬಂದವರು ಇದನ್ನು ಕೇಳುವುದಿಲ್ಲ. ನೀವು ಕೇಳಿದಿರಲ್ಲ, ಒಂದು ಬಕೆಟ್ ತಗೊಳ್ಳಿ" ಅಂದರು. ಮಂಗಳೂರಿಗೆ ಹತ್ತಾರು ಸಲ ಬಂದುಹೋದವರು, ಅವರ ಕನ್ನಡ ಸಲೀಸು.

2005ರಲ್ಲಿ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಕಡಲ ನೀರನ್ನು ಸಿಹಿ ಮಾಡುವ ಘಟಕ ಬಂತು. ಆಳದ ತಣ್ಣೀರು ಮತ್ತು ಮೇಲಿನ ಬೆಚ್ಚನೆ ನೀರಿನ ನಡುವಿನ ಉಷ್ಣತೆಯ ವ್ಯತ್ಯಾಸದಿಂದಲೇ ಅದು ನಡೆಯುತ್ತದೆ, ದಿನಕ್ಕೆ 1 ಲಕ್ಷ ಲೀಟರ್. ಒಳ್ಳೆಯ ಕೆಲಸ. ಆದರೂ ನೂರು ಕೋಣೆಯ ಹೋಟೆಲ್ ಬಂದರೆ ಏನಾಗಬಹುದು ಅನ್ನುವ ಯೋಚನೆ ಆ ಬಾವಿ ನೋಡಿದವರಿಗೆ ಬಂದೇ ಬರುತ್ತದೆ.

ಒಂದು ದಿನ ಕಾಕನ ಅಳಿಯ ಟ್ಯೂನಾ ಹಿಡಿಯುವ ದೋಣಿಗೆ ಕರೆದುಕೊಂಡು ಹೋದರು. ನಮ್ಮ ಕಡೆಯ ಟ್ರಾಲಿಂಗ್ ನೋಡಿದವರಿಗೆ ಇದು ಬೇರೆಯೇ ಲೋಕ. ದೊಡ್ಡ ಬಲೆ ಬೀಸಿ ಟ್ಯೂನಾ ಬಾಚುವುದಿಲ್ಲ. ಬೆಳಗಿನ ಜಾವ ಲಗೂನ್‌ನಲ್ಲಿ ಬೆರಳುದ್ದದ ಮೀನುಗಳನ್ನು ಹಿಡಿದು, ದೋಣಿಯ ಹೊಟ್ಟೆಯಲ್ಲಿರುವ ತೊಟ್ಟಿಯಲ್ಲಿ ಜೀವಂತ ಇಡುತ್ತಾರೆ. ಕಡಲ ನೀರು ಅದರೊಳಗೆ ಹರಿದುಹೋಗುವಂತೆ ತೂತುಗಳಿರುತ್ತವೆ. ಹೊರಗೆ ಟ್ಯೂನಾ ಗುಂಪು ಕಂಡ ಕೂಡಲೇ ಒಬ್ಬ ಆ ಮೀನುಗಳನ್ನು ಮೊಗೆದು ಎರಚುತ್ತಾನೆ, ಹಿಂದಿನಿಂದ ನೀರು ಚಿಮ್ಮಿಸುತ್ತಾರೆ. ಉದ್ದ ಕೋಲು ಹಿಡಿದವರು ಸಾಲಾಗಿ ನಿಂತಿರುತ್ತಾರೆ. ಕೊಕ್ಕೆಗೆ ಮುಳ್ಳಿಲ್ಲ, ಮೀನು ಕಚ್ಚಿದೊಡನೆ ಕೋಲು ಎತ್ತಿ ಹಿಂದಕ್ಕೆ ಬೀಸಿದರೆ ಅದು ತಾನಾಗಿ ಕಳಚಿ ದೋಣಿಯೊಳಗೆ ಬೀಳುತ್ತದೆ. ಸ್ವಲ್ಪ ಹೊತ್ತು ಮೀನಿನ ಮಳೆ. ಆಮೇಲೆ ಗುಂಪು ಮುಳುಗುತ್ತದೆ, ಎಲ್ಲ ಶಾಂತ. ಮಿನಿಕಾಯ್ ದ್ವೀಪದಲ್ಲಿ ತುಂಬಾ ಹಳೆಯದಾದ ಈ ಪದ್ಧತಿ 1960ರ ದಶಕದಿಂದ ಉಳಿದ ದ್ವೀಪಗಳಿಗೂ ಹರಡಿತು. ಹಿಡಿದದ್ದರಲ್ಲಿ ಒಂದಷ್ಟನ್ನು ಬೇಯಿಸಿ, ಹೊಗೆ ಕೊಟ್ಟು, ಬಿಸಿಲಲ್ಲಿ ಒಣಗಿಸಿ ಮಾಸ್ ಮಾಡುತ್ತಾರೆ. ಮರದ ತುಂಡಿನಷ್ಟು ಗಟ್ಟಿ. ತುರಿದು ತೆಂಗಿನಕಾಯಿ, ಈರುಳ್ಳಿ ಜೊತೆ ಕಲಸಿ ಅನ್ನಕ್ಕೆ ಹಾಕಿಕೊಟ್ಟರು. ಅದರ ರುಚಿ ಮರೆಯುವಂಥದ್ದಲ್ಲ.

ಆ ಬೆರಳುದ್ದದ ಮೀನುಗಳಿಗೆ ಜೀವ ಇರುವ ಹವಳ ಬೇಕು. ಹವಳ ಸತ್ತರೆ ಅವು ಕಡಿಮೆಯಾಗುತ್ತವೆ. ಅವಿಲ್ಲದೆ ಟ್ಯೂನಾ ಇಲ್ಲ. ದಂಡೆ ಸವೆದರೆ ಅಲೆ ನೇರ ದಡಕ್ಕೆ, ದಡ ಹೋದರೆ ಬಾವಿಗೆ ಉಪ್ಪು. ನಾಲ್ಕು ದ್ವೀಪ ಓಡಾಡಿದ್ದರೆ ಈ ಕೊಂಡಿ ನನಗೆ ಕಾಣುತ್ತಿರಲಿಲ್ಲ.

ಸ್ನಾರ್ಕೆಲ್ ಹಾಕಿ ನೀರಿಗಿಳಿದಾಗ ಬಣ್ಣಬಣ್ಣದ ಮೀನುಗಳು ಕಂಡವು, ಹಸಿರು ಕಡಲಾಮೆ ಕಂಡಿತು, ಖುಷಿಯಾಯಿತು. ಅದರ ಪಕ್ಕದಲ್ಲೇ ಬೂದು ಬಣ್ಣದ, ಮುರಿದು ಬಿದ್ದ ಹವಳದ ರಾಶಿಯೂ ಇತ್ತು. ನೀರು ಜಾಸ್ತಿ ದಿನ ಬಿಸಿಯಾಗಿದ್ದರೆ ಹವಳದೊಳಗೆ ಬದುಕುವ ಪಾಚಿ ಹೊರಟುಹೋಗುತ್ತದೆ, ಹವಳ ಬೆಳ್ಳಗಾಗಿ ಹಸಿದು ಸಾಯುತ್ತದೆ. 1998, 2010, 2016ರಲ್ಲಿ ಇಲ್ಲಿ ದೊಡ್ಡದಾಗಿ ಹೀಗಾಯಿತು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು 1998ರಿಂದ ಅಗತ್ತಿ, ಕಡಮತ್, ಕವರತ್ತಿಯ ಹವಳ ಅಳೆಯುತ್ತಾ ಬಂದಿದ್ದಾರೆ. ದಂಡೆಯಲ್ಲಿ ಜೀವಂತ ಹವಳ ಮುಚ್ಚಿದ ಜಾಗ ಆಗ ಸುಮಾರು ಶೇ. 37 ಇತ್ತು, 2022ರ ಹೊತ್ತಿಗೆ ಶೇ. 20ಕ್ಕಿಂತ ಕಡಿಮೆ. ಅದಕ್ಕೇ ಕೈಮುಗಿದು ಕೇಳುತ್ತೇನೆ, ಹವಳದ ಮೇಲೆ ನಿಲ್ಲಬೇಡಿ. ಸುಸ್ತಾದರೆ ಬೆನ್ನ ಮೇಲೆ ತೇಲಿ. ಸತ್ತ ತುಂಡನ್ನೂ ಎತ್ತಿಕೊಂಡು ಬರಬೇಡಿ. ಅದು ಕಾನೂನಿನ ಪ್ರಕಾರವೂ ಅಪರಾಧ, ದ್ವೀಪದ ಮರಳು ಆಗುವುದೂ ಅದರಿಂದಲೇ.

ಉಳಿದ ಸಣ್ಣಪುಟ್ಟ ವಿಷಯ. ಮದ್ಯ ಇಲ್ಲ, ಒಯ್ಯುವ ಹಾಗೂ ಇಲ್ಲ. ಊರೊಳಗೆ ಮೈತುಂಬ ಬಟ್ಟೆ ಇರಲಿ, ಈಜುವಾಗಲೂ ಟೀ ಶರ್ಟ್ ಹಾಕಿಕೊಳ್ಳಿ. ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. 2024ರ ಜನವರಿಯಿಂದ ಕಡಲಡಿಯ ಕೇಬಲ್ ಬಂದಿದೆ, ಇಂಟರ್ನೆಟ್ ಬಗ್ಗೆ ಚಿಂತೆ ಬೇಡ. ಈ ದ್ವೀಪಗಳಲ್ಲಿ ಬ್ಯಾಂಕ್ ಅಂದರೆ ಬಹುಕಾಲ ನಮ್ಮ ಮಣಿಪಾಲದ ಸಿಂಡಿಕೇಟ್ ಬ್ಯಾಂಕೇ. 2020ರಲ್ಲಿ ಅದು ಕೆನರಾ ಬ್ಯಾಂಕ್ ಜೊತೆ ಸೇರಿತು. ಆದರೂ ನಗದು ಇಟ್ಟುಕೊಂಡಿರಿ. ಅಕ್ಟೋಬರ್‌ನಿಂದ ಏಪ್ರಿಲ್ ಒಳ್ಳೆಯ ಸಮಯ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಡಲು ಒರಟು.

ವಾಪಸ್ ಬರುವ ಹಡಗಿನ ದಿನ ಬದಲಾಗಬಹುದು, ಎರಡು ಮೂರು ದಿನ ಕೈಯಲ್ಲಿರಲಿ. ಊರಿನ ರೈಲಿನ ಟಿಕೆಟ್ ಅದಕ್ಕೆ ಅಂಟಿಸಿ ಮಾಡಬೇಡಿ. ಯಾರದಾದರೂ ಮನೆಗೆ ಹೋಗುವುದಾದರೆ ಸ್ವೀಟ್ ಪ್ಯಾಕೆಟ್‌ಗಿಂತ ತರಕಾರಿ, ಹಣ್ಣು ಒಯ್ಯಿರಿ. ಬೀನ್ಸ್, ಕ್ಯಾರೆಟ್, ಮೂಸಂಬಿ, ಹೀಗೆ ಬೇಗ ಹಾಳಾಗದಂಥದ್ದು. ನಾನು ಒಯ್ದ ಮೂಸಂಬಿಯನ್ನು ಕಾಕನ ಮನೆಯವರು ಅಕ್ಕಪಕ್ಕದ ಮನೆಗಳಿಗೂ ಹಂಚಿದರು. ಒಯ್ದ ಪ್ಲಾಸ್ಟಿಕ್, ಬ್ಯಾಟರಿ, ಶಾಂಪೂ ಪೊಟ್ಟಣ ಅದೇ ಚೀಲದಲ್ಲಿ ವಾಪಸ್ ಬರಲಿ. ಅಲ್ಲಿ ಅದನ್ನು ಹಾಕಲು ಜಾಗ ಇಲ್ಲ.