ಕಣ್ಣಿನ ಅಂಚಿನ ಸ್ಟೆಮ್ ಸೆಲ್: ಸ್ಲೈಡಿನಲ್ಲಿ ಗುರುತಿಸುವುದು ಹೇಗೆ

ತುಮಕೂರಿನ ನಮ್ಮ ಲ್ಯಾಬಿಗೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟೇ: ಬಣ್ಣ ಆಮೇಲೆ, ಮೊದಲು ಜಾಗ ಹಿಡಿಯಿರಿ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪರದೆ, ಮುಗಿದು ಬಿಳಿಗುಡ್ಡೆ ಶುರುವಾಗುವ ಅಂಚೇ ಲಿಂಬಸ್. ಕಾರ್ನಿಯಾದ ಮೇಲ್ಪದರಕ್ಕೆ ಹೊಸ ಕೋಶ ಕೊಡುವ ಸ್ಟೆಮ್ ಸೆಲ್ ಕೂತಿರುವುದು ಅಲ್ಲಿ, ಎಪಿಥೀಲಿಯಂನ (ಮೇಲ್ಪದರದ) ತೀರಾ ತಳದ ಸಾಲಿನಲ್ಲಿ.

ದಾನದ ಕಾರ್ನಿಯಾ ಕಸಿಗೆ ಹೋದ ಮೇಲೆ ಉಳಿಯುವ ಉಂಗುರದಿಂದ ತುಂಡು ತೆಗೆಯಿರಿ. ಕಾರ್ನಿಯಾ, ಬಿಳಿಗುಡ್ಡೆ ಎರಡೂ ಒಂದೇ ಸೆಕ್ಷನ್ನಿನಲ್ಲಿ ಬರಬೇಕು. ಕಾರ್ನಿಯಾದ ಎಪಿಥೀಲಿಯಂ ಕೆಳಗೆ ಕೋಶವಿಲ್ಲದ ತೆಳು ಪಟ್ಟಿಯಂತಿರುವ ಬೋಮನ್ ಪದರ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಹುಡುಕಿ. ಎಪಿಥೀಲಿಯಂ ದಪ್ಪಗಾಗುತ್ತದೆ, ತಳ ಏರುತಗ್ಗಾಗುತ್ತದೆ, ಕೆಳಗೆ ರಕ್ತನಾಳ ಕಾಣುತ್ತವೆ. ಲೋಳೆ ಸುರಿಸುವ ಗಾಬ್ಲೆಟ್ ಸೆಲ್ ಸಿಕ್ಕಿತಾ? ಹಾಗಾದ್ರೆ ಲಿಂಬಸ್ ದಾಟಿ ಬಿಳಿಗುಡ್ಡೆ ಕಡೆ ಹೋಗಿದ್ದೀರಿ, ವಾಪಸ್ ಬನ್ನಿ.

ಈಗ ಪಿ63 ಸ್ಟೇನ್. ಪಿ63 ಅಂದರೆ ಈ ತಳದ ಕೋಶಗಳಲ್ಲಿರುವ ಒಂದು ಪ್ರೋಟೀನ್. ಸ್ಲೈಡನ್ನು ಸಿಟ್ರೇಟ್ ಬಫರಿನಲ್ಲಿ ಕುದಿಸಿ, ಪಿ63ಗೆ ಅಂಟುವ ಆ್ಯಂಟಿಬಾಡಿ ಹಾಕಿ. ಏಪ್ರಿಲ್ ಬಿಸಿಲಿಗೆ ಹನಿ ಅಂಚಿನಿಂದ ಒಣಗಿ ಸುಳ್ಳು ಬಣ್ಣ ಕೊಡುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾರ್ಸೆಲ್ ಬಂದ ಡಬ್ಬಿ ತೊಳೆದು, ಒದ್ದೆ ಟಿಶ್ಯೂ ಹಾಸಿ, ಸ್ಲೈಡ್ ಒಳಗಿಟ್ಟು ಮುಚ್ಚುತ್ತೇನೆ. ತೇವ ಹಿಡಿದಿಡುವ ದುಬಾರಿ ಛೇಂಬರ್ ಏನೂ ಬೇಕಿಲ್ಲ.

ನಮ್ಮ ಜನರ ಕಣ್ಣಲ್ಲಿ ಇನ್ನೊಂದು ತೊಡಕಿದೆ. ಆ್ಯಂಟಿಬಾಡಿ ಅಂಟಿದ ಜಾಗ ತೋರಿಸುವ ಡಿಎಬಿ ಬಣ್ಣ ಕಂದು, ಲಿಂಬಸ್‌ನಲ್ಲಿ ಸಹಜವಾಗಿಯೇ ಇರುವ ಮೆಲನಿನ್ನೂ ಕಂದು! ಹೈ ಪವರಿಗೆ ಹೋಗಿ, ಫೋಕಸ್ ನಿಧಾನಕ್ಕೆ ತಿರುಗಿಸಿ. ಮೆಲನಿನ್ ಪುಡಿ ಪುಡಿಯಾಗಿ ನ್ಯೂಕ್ಲಿಯಸ್ ಹೊರಗಿರುತ್ತದೆ, ಎಷ್ಟೋ ಸಲ ಅದರ ಮೇಲೆ ಟೋಪಿ ಹಾಕಿದಂತೆ. ಪಿ63 ಇರುವುದು ನ್ಯೂಕ್ಲಿಯಸ್ ಒಳಗೇ. ಮೊದಲ ಆ್ಯಂಟಿಬಾಡಿ ಹಾಕದ ಒಂದು ಸ್ಲೈಡ್ ಪಕ್ಕದಲ್ಲಿ ಇರಲೇಬೇಕು. ಅದರಲ್ಲೂ ಕಂದು ಕಂಡರೆ ಅದು ಮೆಲನಿನ್ ಇರಬಹುದು. ಅನುಮಾನ ಜಾಸ್ತಿಯಾದರೆ ಡಿಎಬಿ ಬದಲು ಕೆಂಪು ಬಣ್ಣದ ಎಇಸಿ ಬಳಸಿ.

ಪಿ63 ಒಂದನ್ನೇ ನಂಬಬೇಡಿ. ಸ್ಟೆಮ್ ಸೆಲ್‌ಗೆ ಹುಟ್ಟಿ, ಆಗಲೇ ಕಾರ್ನಿಯಾ ಕೋಶವಾಗುವ ದಾರಿ ಹಿಡಿದ ಮರಿಕೋಶಗಳಲ್ಲೂ ಅದು ಇರುತ್ತದೆ. ಅದಕ್ಕೇ ಪಕ್ಕದ ಸೆಕ್ಷನ್ನಿಗೆ ಕೆರಾಟಿನ್ 12 (ಬೆಳೆದ ಕಾರ್ನಿಯಾ ಕೋಶದ ಪ್ರೋಟೀನ್) ಸ್ಟೇನ್ ಹಾಕಿ. ಬೆಳೆದ ಕಾರ್ನಿಯಾ ಕೋಶ ಬಣ್ಣ ಹಿಡಿಯುತ್ತದೆ; ನಮಗೆ ಬೇಕಾದ್ದು ಹಿಡಿಯದೆ ಉಳಿದ ತಳದ ಕೋಶ. ಚಿಕ್ಕದು, ನ್ಯೂಕ್ಲಿಯಸ್ಸೇ ತುಂಬಿಕೊಂಡದ್ದು, ಪಿ63 ಗಾಢ, ಕೆರಾಟಿನ್ 12 ಇಲ್ಲ. ಇಷ್ಟು ಒಟ್ಟಿಗೆ ಸಿಕ್ಕರೂ ರಿಪೋರ್ಟಿನಲ್ಲಿ 'ಸ್ಟೆಮ್ ಸೆಲ್ ಇರಬಹುದು' ಅಂತಲೇ ಬರೆಯಿಸುತ್ತೇನೆ.

ಖಚಿತವಾಗಬೇಕಾದರೆ ಕೋಶ ಬೆಳೆಸಿ ನೋಡಬೇಕು, ಒಂದೇ ಕೋಶದಿಂದ ದೊಡ್ಡ ಕಾಲೊನಿ ಏಳುತ್ತದಾ ಅಂತ. 2010ರಲ್ಲಿ ಇಟಲಿಯ ತಂಡ ಹೀಗೆ ಬೆಳೆಸಿದ ಕೋಶಗಳನ್ನು ಸುಟ್ಟ ಕಣ್ಣಿಗೆ ಹಾಕಿದ ವರದಿ ಕೊಟ್ಟಿತು. ಕಾಲೊನಿ ಕಟ್ಟುವ ಕೋಶಗಳಲ್ಲಿ ಪಿ63 ಗಾಢವಾಗಿದ್ದವು ಶೇ. 3ಕ್ಕಿಂತ ಜಾಸ್ತಿ ಇದ್ದಾಗ ಶೇ. 78 ರೋಗಿಗಳಲ್ಲಿ ಕಸಿ ಹಿಡಿಯಿತು. ಅಷ್ಟಿಲ್ಲದಾಗ ಬರೀ ಶೇ. 11.