ಇಪ್ಪತ್ತೇಳು ತಿಂಗಳಿಂದ ಐದು ತಿಂಗಳಿಗೆ: ಸೇನೆಗೆ ಬ್ಯಾಟರಿ ಪ್ಯಾಕ್ ಪೂರೈಸಿದ ನನ್ನ ಅನುಭವ

2017ರಲ್ಲಿ ಸೇನೆಯ ಖರೀದಿ ವಿಭಾಗವೊಂದರಿಂದ ಬಂದ ಮೊದಲ ಆದೇಶವನ್ನು ಪೂರೈಸಲು ನಮಗೆ 27 ತಿಂಗಳು ಹಿಡಿಯಿತು. 2022ರ ಕೊನೆಯಲ್ಲಿ ತುರ್ತು ಖರೀದಿಯಡಿ ಬಂದ ಆದೇಶ ಅದಕ್ಕಿಂತ ಸುಮಾರು ಮೂರು ಪಟ್ಟು ದೊಡ್ಡದು. ಅದರ ಕೊನೆಯ ಪೆಟ್ಟಿಗೆ ಐದು ತಿಂಗಳು ತುಂಬುವ ಮೊದಲೇ ಪೀಣ್ಯದ ನಮ್ಮ ಶೆಡ್ಡಿನಿಂದ ಹೊರಟಿತು. ಎರಡೂ ಬಾರಿ ಮಾಡಿದ್ದು ರೇಡಿಯೊ ಸೆಟ್‌ಗಳಿಗೆ ಬೇಕಾದ ಲಿಥಿಯಂ ಬ್ಯಾಟರಿ ಪ್ಯಾಕ್‌ಗಳನ್ನೇ, ಮಾಡಿದವರೂ ಅದೇ ಹದಿನೆಂಟು ಮಂದಿ. ನಾನು ಹೊಸ ಯಂತ್ರ ಕೊಂಡಿರಬೇಕು ಅಥವಾ ಯಾರದೋ ಶಿಫಾರಸು ಹಿಡಿದಿರಬೇಕು ಎಂದು ಪಕ್ಕದ ಶೆಡ್ಡಿನವರು ಈಗಲೂ ನಂಬಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ಆದೇಶದ ಮೌಲ್ಯ ಸುಮಾರು 1.3 ಕೋಟಿ, ಗಡುವು ಒಂಬತ್ತು ತಿಂಗಳು. ವಾರಕ್ಕೆ ಶೇ. 0.5ರ ಲೆಕ್ಕದ ಎಲ್‌ಡಿ, ಅಂದರೆ ತಡವಾದುದಕ್ಕೆ ಬೀಳುವ ದಂಡ, ಇಪ್ಪತ್ತನೆಯ ವಾರಕ್ಕೇ ಶೇ. 10ರ ಮಿತಿಯನ್ನು ಮುಟ್ಟಿ, ಬಿಲ್ಲಿನಲ್ಲಿ 13 ಲಕ್ಷ ಕಡಿತವಾಯಿತು. ಬ್ಯಾಂಕ್ ಗ್ಯಾರಂಟಿಯನ್ನು ಮೂರು ಬಾರಿ ವಿಸ್ತರಿಸಿದ ಕಮಿಷನ್, ಓವರ್‌ಡ್ರಾಫ್ಟಿನ ಬಡ್ಡಿ ಎಲ್ಲವನ್ನೂ ಸೇರಿಸಿದರೆ ನಷ್ಟ 20 ಲಕ್ಷ ದಾಟಿತ್ತು. ಅದೆಲ್ಲ ಮುಗಿದ ಮೇಲೆ ಒಂದು ಭಾನುವಾರ ಹಳೆಯ ಡೈರಿಗಳನ್ನು ಹರಡಿಕೊಂಡು ದಿನಗಳನ್ನು ಎಣಿಸಿದೆ. 27 ತಿಂಗಳಲ್ಲಿ ನಮ್ಮ ಕೈ ನಿಜವಾಗಿ ಕೆಲಸ ಮಾಡಿದ್ದು ಏಳು ತಿಂಗಳು ಮಾತ್ರ. ಉಳಿದದ್ದೆಲ್ಲ ಲ್ಯಾಬ್ ಸ್ಲಾಟಿಗಾಗಿ, ಕ್ಯೂಎಪಿಯ (ಗುಣಮಟ್ಟ ಖಾತರಿ ಯೋಜನೆಯ) ಮೇಲಿನ ಸಹಿಗಾಗಿ, ಒಂದು ಸ್ಕ್ರೂ ಬದಲಿಸಿದ್ದಕ್ಕೆ ಡ್ರಾಯಿಂಗಿನ ಮರು ಅನುಮೋದನೆಗಾಗಿ ಮತ್ತು ಕೊನೆಯಲ್ಲಿ ತಪಾಸಣೆ ಮುಗಿದ ಮೇಲೆ ಕೊಡುವ ಐ-ನೋಟ್‌ಗಾಗಿ ಕಾದ ಕಾಲ. ಸೇನೆಯ ಎಲೆಕ್ಟ್ರಾನಿಕ್ ಉಪಕರಣಗಳ ಬಾಳಿಕೆ ಪರೀಕ್ಷೆಯ ಮಾನದಂಡವಾದ ಜೆಎಸ್‌ಎಸ್ 55555ರ ಬೂಷ್ಟಿನ ಪರೀಕ್ಷೆಯೊಂದೇ ನಾಲ್ಕು ವಾರ ತೆಗೆದುಕೊಳ್ಳುತ್ತದೆ. ನಾವು ಅದರಲ್ಲಿ ಎರಡು ಬಾರಿ ಬಿದ್ದಿದ್ದೆವು.

2020ರ ಜುಲೈನಲ್ಲಿ, ಗಲ್ವಾನ್ ಘರ್ಷಣೆಯ ಮರುತಿಂಗಳೇ, 300 ಕೋಟಿಯವರೆಗಿನ ತುರ್ತು ಖರೀದಿಯ ಅಧಿಕಾರವನ್ನು ಸೇನಾಪಡೆಗಳಿಗೆ ಕೊಟ್ಟು, ಒಂದು ವರ್ಷದೊಳಗೆ ಪೂರೈಕೆ ಶುರುವಾಗಬೇಕೆಂದು ಗೊತ್ತುಮಾಡಿದರು. ಅದನ್ನು ಓದಿದಾಗ ನನಗೆ ಹೊಳೆದದ್ದು ಒಂದೇ: ವರ್ಷದೊಳಗೆ ಮಾಲು ಬೇಕಾದವನು ಇನ್ನು ಮುಂದೆ ವಿನ್ಯಾಸವನ್ನಲ್ಲ, ಪರೀಕ್ಷೆ ಮುಗಿಸಿದ ಮಾಲನ್ನು ಹುಡುಕುತ್ತಾನೆ. ಹಾಗಾದರೆ ಪರೀಕ್ಷೆಗಳನ್ನು ಆದೇಶ ಬರುವ ಮೊದಲೇ, ನಮ್ಮ ದುಡ್ಡಿನಲ್ಲೇ ಮುಗಿಸಿಟ್ಟುಕೊಳ್ಳಬೇಕು. ಇದನ್ನು ಹೇಳಿದಾಗ ನನ್ನ ಲೆಕ್ಕಪರಿಶೋಧಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇದೇ ವ್ಯಾಪಾರದಲ್ಲಿರುವ ಗೆಳೆಯರೊಬ್ಬರು "ಮಗು ಹುಟ್ಟುವ ಮೊದಲೇ ಕುಲಾವಿ ಹೊಲಿಸುತ್ತಿದ್ದೀಯ" ಎಂದರು. ತುಮಕೂರು ರಸ್ತೆಯ ಪಕ್ಕದ ನಿವೇಶನವನ್ನು ಅಡವಿಟ್ಟು 34 ಲಕ್ಷದಷ್ಟು ಎತ್ತಿದೆ. ಅದರಲ್ಲಿ ಪರೀಕ್ಷೆಗಳಿಗೆ ಹೋದದ್ದು 11 ಅಥವಾ 12 ಲಕ್ಷ, ಉಳಿದದ್ದು ಮಾದರಿ ಪ್ಯಾಕ್‌ಗಳಿಗೆ, ಸೆಲ್‌ಗಳಿಗೆ ಮತ್ತು ಚಿಪ್‌ಗಳಿಗೆ.

ಮೊದಲ ಪ್ರಯತ್ನ ಕೆಟ್ಟದಾಗಿಯೇ ಸೋತಿತು. ಒಂದೇ ಮಾದರಿಯನ್ನು ಒಂದರ ನಂತರ ಒಂದು ಪರೀಕ್ಷೆಗೆ ಕಳುಹಿಸುವುದನ್ನು ಬಿಟ್ಟು ನಾಲ್ಕು ಸೆಟ್ ಮಾಡಿ ಏಕಕಾಲಕ್ಕೆ ಓಡಿಸಿದ್ದರಿಂದ ತಿಂಗಳುಗಳು ಉಳಿದದ್ದು ನಿಜ. ಆದರೆ 2021ರ ಆರಂಭದಲ್ಲಿ ಆ ವರದಿಗಳನ್ನು ಹಿಡಿದು ಒಂದು ಟೆಂಡರಿಗೆ ಹೋದಾಗ, ತಪಾಸಣಾಧಿಕಾರಿಗಳ ಸಮ್ಮುಖದಲ್ಲಿ ನಡೆಯದ ಪರೀಕ್ಷೆಗಳು ಲೆಕ್ಕಕ್ಕಿಲ್ಲ ಎಂದು ಎಲ್ಲವನ್ನೂ ಬದಿಗಿಟ್ಟರು. ಅದರ ಜೊತೆಗೆ ಸೆಲ್‌ಗಳ ಮೂಲ ದೇಶದ ಘೋಷಣೆಯನ್ನು ಕೇಳಿದರು. ನಾನು ಅಗ್ಗಕ್ಕೆ ಸಿಕ್ಕಿತೆಂದು ತುಂಬಿಸಿಟ್ಟಿದ್ದ ಆರು ಲಕ್ಷದ ಸೆಲ್‌ಗಳು ಚೀನಾದವು. ಕೊನೆಗೆ ಅವು ಇ-ರಿಕ್ಷಾ ಪ್ಯಾಕ್ ಮಾಡುವವರೊಬ್ಬರಿಗೆ ಅರ್ಧ ಬೆಲೆಗೆ ಹೋದವು. ಸೆಲ್ ಬದಲಾದರೆ ಪರೀಕ್ಷೆಯೂ ಮೊದಲಿಂದಲೇ ಆಗಬೇಕೆಂಬುದನ್ನು ಈ ಕ್ಷೇತ್ರದಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಸುತ್ತಿನಲ್ಲಿ ಕ್ರಮವನ್ನು ಬದಲಿಸಿದೆ. ಕೊರಿಯಾದ ಸೆಲ್ ಗೊತ್ತುಮಾಡಿ ಡ್ರಾಯಿಂಗಿಗೆ ಬೀಗ ಹಾಕಿದೆವು. ಅಂದರೆ ಒಂದು ವಾಷರ್ ಬದಲಿಸಬೇಕಾದರೂ ನನ್ನ ಸಹಿ ಬೇಕು. ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನಲ್ಲಿ ಎಲ್ಲವನ್ನೂ ಮತ್ತೆ ಮಾಡಿಸಿ, ಪ್ರತಿ ವರದಿಯ ಮೇಲೂ ಅದೇ ಪಾರ್ಟ್ ನಂಬರ್ ಮತ್ತು ಡ್ರಾಯಿಂಗಿನ ಅದೇ ಆವೃತ್ತಿ ಇರುವಂತೆ ನೋಡಿಕೊಂಡೆವು. ಮುಂದಿನ ಟೆಂಡರಿನ ಪೂರ್ವಭಾವಿ ಸಭೆಯಲ್ಲಿ ನಾನು ಬೆಲೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಇಂಥ ವರದಿಗಳನ್ನು ಒಪ್ಪಿ, ದೀರ್ಘ ಪರೀಕ್ಷೆಗಳನ್ನು ಬಿಟ್ಟು, ಒಂದೆರಡು ದಿನಗಳಲ್ಲಿ ಮುಗಿಯುವಂಥವನ್ನು ಮಾತ್ರ ಸಮ್ಮುಖದಲ್ಲಿ ಮಾಡಬಹುದೇ ಎಂಬ ಒಂದೇ ಪ್ರಶ್ನೆಯನ್ನು ಲಿಖಿತವಾಗಿ ಕೊಟ್ಟು, ಉತ್ತರವನ್ನೂ ಲಿಖಿತವಾಗಿಯೇ ಪಡೆದೆ. ಆ ಪ್ರಶ್ನೆಯ ಪದಗಳನ್ನು ಇಲ್ಲಿ ಬರೆಯುವುದಿಲ್ಲ. ಹಿಂದಿನ ಸೋಲಿಗೆ ಕೊಟ್ಟ ಶುಲ್ಕ ಅದರಲ್ಲಿದೆ. ಆದೇಶದ ಜೊತೆಯಲ್ಲೇ ಕ್ಯೂಎಪಿಯ ಕರಡನ್ನೂ ಎಟಿಪಿಯನ್ನೂ (ಮಾಲು ಒಪ್ಪಿಕೊಳ್ಳುವ ಪರೀಕ್ಷೆಯ ಕ್ರಮವನ್ನೂ) ನಾವೇ ಕೊಟ್ಟಿದ್ದರಿಂದ, ಹಿಂದೆ ನಾಲ್ಕು ತಿಂಗಳು ತಿಂದಿದ್ದ ಸಹಿ ಈ ಬಾರಿ ಹದಿನೇಳು ದಿನಗಳಲ್ಲಿ ಬಂತು.

ಚಿಪ್‌ಗಳ ಕಥೆ ಬೇರೆ. 2021ರ ಕೊರತೆಯಲ್ಲಿ ಬ್ಯಾಟರಿಯ ಚಾರ್ಜನ್ನು ನಿಯಂತ್ರಿಸುವ ಬಿಎಂಎಸ್ ಚಿಪ್ಪಿಗೆ 50 ವಾರಗಳ ಕಾಯುವಿಕೆ ಎಂದು ವಿತರಕರು ಹೇಳಿದಾಗ, ಸುಮಾರು 180 ರೂಪಾಯಿಯ ಚಿಪ್ಪನ್ನು 900 ರೂಪಾಯಿಗೆ 1,500ರಷ್ಟು ಕೊಂಡಿಟ್ಟೆ. ಮನೆಯಲ್ಲಿ ಅದೊಂದು ದೊಡ್ಡ ಜಗಳ. ಆದೇಶ ಬಂದಾಗ ಪ್ರತಿಸ್ಪರ್ಧಿಗಳು ಇನ್ನೂ ವಿತರಕರ ಮಿಂಚಂಚೆಗೆ ಕಾಯುತ್ತಿದ್ದರು ಎಂಬುದನ್ನು ನೆನೆದರೆ ಈಗಲೂ ಸ್ವಲ್ಪ ಸಂತೋಷವಾಗುತ್ತದೆ.

ತಾಂತ್ರಿಕವಾಗಿ ನಮ್ಮನ್ನು ಕಾಡಿದ್ದು ಚಳಿ. ಶೂನ್ಯಕ್ಕಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ಲಿನೊಳಗೆ ಲಿಥಿಯಂ ಲೋಹ ಪದರಗಟ್ಟಿ ಪ್ಯಾಕ್ ಹಾಳಾಗುತ್ತದೆ. ಆದ್ದರಿಂದ ಚಾರ್ಜರಿನ ಕರೆಂಟು ಮೊದಲು ಹೀಟರ್ ಫಿಲ್ಮಿಗೆ ಹೋಗಿ, ಸೆಲ್ ಬೆಚ್ಚಗಾದ ಮೇಲಷ್ಟೇ ಚಾರ್ಜ್ ಆಗುವಂತೆ ಮಾಡಬೇಕಾಯಿತು. ಪ್ರತಿ ಸಣ್ಣ ಬದಲಾವಣೆಗೂ ಲ್ಯಾಬಿನ ಕೋಲ್ಡ್ ಚೇಂಬರಿಗೆ ಗಂಟೆಯ ಲೆಕ್ಕದಲ್ಲಿ ದುಡ್ಡು ಸುರಿಯುವ ಬದಲು, ದಾಸನಪುರದ ಕಡೆ ಐಸ್‌ಕ್ರೀಮ್ ದಾಸ್ತಾನು ಮಾಡುವವರೊಬ್ಬರ ಮೈನಸ್ 20 ಡಿಗ್ರಿಯ ಕೋಣೆಯಲ್ಲಿ ಒಂದು ಮೂಲೆಯನ್ನು ತಿಂಗಳಿಗೆ ನಾಲ್ಕು ಸಾವಿರಕ್ಕೆ ಹಿಡಿದೆ. ಮೈನಸ್ 40ರ ಪರೀಕ್ಷೆಗೆ ಲ್ಯಾಬಿಗೆ ಹೋಗಲೇಬೇಕು, ಆದರೆ ಅಲ್ಲಿಗೆ ಹೋಗುವ ಹೊತ್ತಿಗೆ ತಪ್ಪುಗಳಲ್ಲಿ ಹತ್ತರಲ್ಲಿ ಎಂಟು ವೆನಿಲ್ಲಾ ಡಬ್ಬಗಳ ನಡುವೆಯೇ ಮುಗಿದಿದ್ದವು.

ಆ ದಿನಗಳಲ್ಲೇ ಚಳ್ಳಕೆರೆಯ ಕುರಿ ಕಂಬಳಿಯನ್ನು ಕತ್ತರಿಸಿ ಸೆಲ್‌ಗಳ ಸುತ್ತ ಹೊದಿಸಿ ನೋಡಿದೆ. ಶಾಖ ಹಿಡಿದಿಡುವುದರಲ್ಲಿ ಆಮದು ಫೋಮಿಗಿಂತ ಅದು ಒಂದು ಕೈ ಮೇಲೇ ಇತ್ತು. ಮೂರು ಪ್ಯಾಕ್‌ಗಳನ್ನು ಹಾಗೆಯೇ ಮಾಡಿ, ದೇಶೀ ಉಪಾಯವೆಂದು ಬೀಗಿದ್ದೂ ಉಂಟು. ಬೂಷ್ಟಿನ ಪರೀಕ್ಷೆಯಿಂದ ಅವು ಹೊರಬಂದಾಗ ಮಳೆಗಾಲದ ಬೆಲ್ಲದ ಅಚ್ಚುಗಳಂತೆ ಕಾಣುತ್ತಿದ್ದವು. ಫೋಮಿಗೇ ಮರಳಿ, ಅದನ್ನು ಕೂರಿಸುವ ಅಂಟನ್ನು ಬದಲಿಸಿದೆ. ಯಾವ ಅಂಟು ಎಂದು ಕೇಳಿ ಬರುವವರಿಗೆ ಕಾಫಿ ಮಾತ್ರ ಸಿಗುತ್ತದೆ.

ಲೆಕ್ಕದ ಮಾತಿಗೆ ಬಂದರೆ, ಎರಡನೆಯ ಆದೇಶ 4 ಕೋಟಿಯ ಹತ್ತಿರದ್ದು. ಎಲ್‌ಡಿ ಒಂದು ರೂಪಾಯಿಯೂ ಕಡಿತವಾಗಲಿಲ್ಲ. ಮುಂಚೆ ಸುರಿದ 34 ಲಕ್ಷವೂ ಅದರ ಬಡ್ಡಿಯೂ ಕಳೆದ ಮೇಲೆ ಕೈಯಲ್ಲಿ ಉಳಿದದ್ದು ಶೇ. 11ರಷ್ಟು; ನಿವೇಶನದ ಪತ್ರಗಳು ಮನೆಗೆ ಮರಳಿವೆ. ನಾವು ಐದು ತಿಂಗಳಲ್ಲಿ ಕೊಟ್ಟ ಮಾಲಿನ ಪೂರ್ತಿ ಹಣ ಬರಲು ಮತ್ತೆ ನಾಲ್ಕು ತಿಂಗಳಾಯಿತು. ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಪಾವತಿಯಾಗಬೇಕೆಂದು 2006ರ ಕಾಯ್ದೆಯಲ್ಲಿದೆ. ಆದರೂ ಮತ್ತೆ ಆದೇಶ ಬೇಕಾದವನು ಯಾರೂ ಖರೀದಿದಾರನ ಮೇಲೆ ದೂರು ಕೊಡುವುದಿಲ್ಲ, ನಾನೂ ಕೊಡಲಿಲ್ಲ.

2025ರ ನವೆಂಬರ್ 1ರಿಂದ ಜಾರಿಗೆ ಬಂದ ರಕ್ಷಣಾ ಇಲಾಖೆಯ ಹೊಸ ಖರೀದಿ ಕೈಪಿಡಿಯಲ್ಲಿ ದೇಶೀಕರಣದ ಕೆಲಸಗಳಿಗೆ ಅಭಿವೃದ್ಧಿಯ ಹಂತದಲ್ಲಿ ಎಲ್‌ಡಿ ಇಲ್ಲ. 2017ರಲ್ಲೇ ಇದು ಇದ್ದಿದ್ದರೆ ನನ್ನ ಬಿಲ್ಲಿನ ಕಡಿತ ಎಷ್ಟು ತಗ್ಗುತ್ತಿತ್ತೆಂದು ಒಂದು ಸಂಜೆ ಲೆಕ್ಕ ಹಾಕಲು ಕೂತು, ಅರ್ಧದಲ್ಲೇ ಕಾಗದವನ್ನು ಹರಿದೆ. ಈಗ ಇದೇ ಕ್ರಮದಲ್ಲಿ ಮಡಚುವ ಸೌರ ಚಾರ್ಜರ್ ಒಂದನ್ನು ಮಾಡುತ್ತಿದ್ದೇವೆ. ಟೆಂಡರ್ ಇನ್ನೂ ಬಂದಿಲ್ಲ. ಮಾದರಿ ಬೂಷ್ಟಿನ ಕೋಣೆ ಸೇರಿ ಇಂದಿಗೆ ಹನ್ನೊಂದು ದಿನವಾಯಿತು.